ಟಿಡಿಎಸ್ ಕಡಿಮೆ ಇದ್ದರೆ ನೀರು ಶುದ್ಧವೇ?

ನಮ್ಮ ಸಿದ್ದಾಪುರದ ಕಡೆ ಮೊದಲೆಲ್ಲ ನೀರಿನ ಬಗ್ಗೆ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. ಬಾವಿಯಲ್ಲಿ ನೀರು ಎಷ್ಟಿದೆ? ಮೇ ತಿಂಗಳು ದಾಟೀತೇ? ಈಗ ಮೂರನೆಯದೊಂದು ಸೇರಿಕೊಂಡಿದೆ: ‘ನಿಮ್ಮ ಮನೆ ನೀರಿನ ಟಿಡಿಎಸ್ ಎಷ್ಟು?’ ಪೆನ್ನಿನಂಥ ಮೀಟರ್ ಹಿಡಿದು ಮನೆಮನೆಗೆ ಬರುವ ಮಾರಾಟ ಪ್ರತಿನಿಧಿಗಳು ಈ ಪದವನ್ನು ಅಡುಗೆಮನೆಯವರೆಗೂ ತಂದು ಬಿಟ್ಟಿದ್ದಾರೆ. ಟಿಡಿಎಸ್ ಎಂದರೆ ಏನು ಎಂದು ಕೇಳಿದರೆ ಬಹುತೇಕರ ಉತ್ತರ ‘ನೀರಿನಲ್ಲಿರುವ ಕೊಳಕು’. ಈ ಉತ್ತರ ತಪ್ಪು. ಆ ತಪ್ಪಿನ ಬೆಲೆ ಕೆಲವು ಮನೆಗಳಲ್ಲಿ ಹದಿನೈದು-ಇಪ್ಪತ್ತು ಸಾವಿರ ರೂಪಾಯಿ.

ನಾನು ಬಿಇ ಸಿವಿಲ್ ಮೂರನೇ ವರ್ಷದಲ್ಲಿ ಓದುತ್ತಿದ್ದೇನೆ. ನೀರಿನ ಶುದ್ಧೀಕರಣ ನಮಗೆ ಒಂದು ಪಾಠ, ಒಂದು ಲ್ಯಾಬ್. ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಪದಗಳೇ ಊರಿನಲ್ಲಿ ಜನರ ಹಣ ಮತ್ತು ಆರೋಗ್ಯವನ್ನು ನಿರ್ಧರಿಸುತ್ತಿವೆ ಎಂದು ಗೊತ್ತಾದ ಮೇಲೆ ಪುಸ್ತಕವನ್ನು ಬೇರೆ ರೀತಿಯಲ್ಲಿ ಓದತೊಡಗಿದೆ. ಹಾಗೆ ಓದಿದ್ದನ್ನು ಸಾಧ್ಯವಾದಷ್ಟು ನಮ್ಮ ಮಾತಿನಲ್ಲಿ ಇಲ್ಲಿ ಹೇಳುತ್ತೇನೆ.

ಮೀಟರ್ ಹೇಳುವುದೇನು, ಹೇಳದಿರುವುದೇನು?

ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಒಟ್ಟು ಘನವಸ್ತು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಕ್ಲೋರೈಡ್, ಬೈಕಾರ್ಬೊನೇಟ್‌ನಂಥ ಲವಣಗಳೇ ಇದರಲ್ಲಿ ಹೆಚ್ಚು. ಅಳತೆ ಒಂದು ಲೀಟರ್‌ಗೆ ಇಷ್ಟು ಮಿಲಿಗ್ರಾಂ ಎಂದು. ಪಿಪಿಎಂ ಎಂದರೂ ಕುಡಿಯುವ ನೀರಿನ ಮಟ್ಟಿಗೆ ಹೆಚ್ಚುಕಡಿಮೆ ಅದೇ. ಕೈಯಲ್ಲಿ ಹಿಡಿಯುವ ಮೀಟರ್ ಲವಣಗಳನ್ನು ಎಣಿಸುವುದಿಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂದು ನೋಡಿ, ಅದನ್ನೊಂದು ಸಂಖ್ಯೆಯಿಂದ ಗುಣಿಸಿ ತೋರಿಸುತ್ತದೆ, ಅಷ್ಟೆ. ಆದ್ದರಿಂದ ವಿದ್ಯುತ್ ಹರಿವನ್ನು ಬದಲಿಸದ ಯಾವುದೂ ಅದಕ್ಕೆ ಕಾಣುವುದಿಲ್ಲ. ಬ್ಯಾಕ್ಟೀರಿಯಾ ಕಾಣುವುದಿಲ್ಲ, ವೈರಸ್ ಕಾಣುವುದಿಲ್ಲ, ಹೆಚ್ಚಿನ ಕೀಟನಾಶಕಗಳ ಅಂಶವೂ ಕಾಣುವುದಿಲ್ಲ. ಇರುವ ಲವಣ ಒಳ್ಳೆಯದೋ ಕೆಟ್ಟದ್ದೋ ಎಂಬುದೂ ಗೊತ್ತಾಗುವುದಿಲ್ಲ.

ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಭಾರತೀಯ ಮಾನಕ ಬ್ಯೂರೊದ ಐಎಸ್ 10500. 2012ರ ಆವೃತ್ತಿಯ ಪ್ರಕಾರ ಟಿಡಿಎಸ್ 500 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೂ ಒಪ್ಪಬಹುದು. ಸುಮಾರು 600ರೊಳಗಿನ ನೀರು ರುಚಿಯಲ್ಲಿ ಚೆನ್ನಾಗಿರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಲ್ಲಿ ‘ರುಚಿ’ ಎಂಬ ಪದ ಗಮನಿಸಿ. ಟಿಡಿಎಸ್ ಮುಖ್ಯವಾಗಿ ರುಚಿಯ ಮಾತು.

ಇನ್ನು ನಮ್ಮೂರಿನ ವಿಷಯ. ಬಾಳೆಬರೆ ಘಾಟಿಯ ಬುಡದ ಈ ಊರಿಗೆ ಮಳೆ ಧಾರಾಳ. ಮುರಕಲ್ಲಿನ ನೆಲದಲ್ಲಿ ಮಳೆನೀರು ಬೇಗ ಇಂಗುತ್ತದೆ, ಬೇಗ ಬಾವಿ ಸೇರುತ್ತದೆ. ಲವಣ ಕರಗಿಸಿಕೊಳ್ಳಲು ಅದಕ್ಕೆ ಪುರುಸೊತ್ತೇ ಇಲ್ಲ. ಹಾಗಾಗಿ ಇಲ್ಲಿನ ತೆರೆದ ಬಾವಿಗಳ ನೀರು ಮೆದು. ನಮ್ಮ ಮನೆ ಬಾವಿಯ ನೀರನ್ನು ಕಾಲೇಜು ಲ್ಯಾಬಿಗೆ ಒಯ್ದು ನೋಡಿದಾಗ ಟಿಡಿಎಸ್ 40ರ ಆಸುಪಾಸಿನಲ್ಲಿತ್ತು. ಆರ್‌ಒ ಯಂತ್ರದಿಂದ ಹೊರಬರುವ ನೀರಿನಲ್ಲೂ ಬಹಳ ಕಡೆ ಇಷ್ಟೇ ಇರುತ್ತದೆ. ಮೀಟರ್ ಒಂದನ್ನೇ ನಂಬುವುದಾದರೆ ನಮ್ಮ ಬಾವಿಗೆ ಮೊದಲ ರ‍್ಯಾಂಕ್ ಕೊಡಬೇಕು.

ಆದರೆ ಅದೇ ನೀರಿನ ಇನ್ನೊಂದು ಮಾದರಿಯನ್ನು ಜುಲೈ ಮಳೆಯ ನಂತರ ಎಂಪಿಎನ್ ಪರೀಕ್ಷೆಗೆ ಹಾಕಿದೆವು. ನೀರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಎಷ್ಟಿರಬಹುದು ಎಂದು ಅಂದಾಜಿಸುವ ಪರೀಕ್ಷೆ ಇದು. ಫಲಿತಾಂಶ ಪಾಸಿಟಿವ್. ಬಾವಿಯಿಂದ ಸ್ವಲ್ಪ ಮೇಲೆ ದನದ ಹಟ್ಟಿ ಇದೆ. ಮುರಕಲ್ಲಿನ ಸಂದುಗಳಲ್ಲಿ ಮಳೆನೀರು ಎಷ್ಟು ಬೇಗ ಇಳಿಯುತ್ತದೋ ಅಷ್ಟೇ ಬೇಗ ಹಟ್ಟಿಯ ನೀರೂ ಇಳಿಯುತ್ತದೆ. ಅಂದರೆ ಒಂದೇ ಬಾವಿ, ಒಂದೇ ನೀರು. ಟಿಡಿಎಸ್ ಪ್ರಕಾರ ಅತ್ಯುತ್ತಮ, ಕೋಲಿಫಾರ್ಮ್ ಪ್ರಕಾರ ಕುದಿಸದೆ ಕುಡಿಯಬಾರದ್ದು.

‘ಹ್ವಾಯ್, ಇಷ್ಟ್ ವರ್ಷ ಇದೇ ಬಾವಿ ನೀರ್ ಕುಡ್ದದ್ದಲ್ದಾ?’ ಎಂದು ಮನೆಯಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆ. ಹಿಂದೆ ನಮ್ಮಲ್ಲಿ ಕುದಿಸಿದ ನೀರು ಕುಡಿಯುವ ರೂಢಿ ಇತ್ತು, ಗಂಜಿಯ ತೆಳಿ ಇತ್ತು. ಬಾವಿಯನ್ನು ಕಾಪಾಡಿದ್ದು ಒಲೆಯೂ ಹೌದು.

ಕಂದು ನೀರಿನ ಪ್ರಯೋಗ

ಕೆಲವು ಮಾರಾಟಗಾರರು ಇನ್ನೊಂದು ಪ್ರದರ್ಶನ ಮಾಡುತ್ತಾರೆ. ಎರಡು ಲೋಟ, ಒಂದರಲ್ಲಿ ಮನೆಯ ನೀರು, ಇನ್ನೊಂದರಲ್ಲಿ ಅವರ ಯಂತ್ರದ ನೀರು. ಲೋಹದ ಕಡ್ಡಿಗಳನ್ನು ಇಳಿಬಿಟ್ಟು ಕರೆಂಟ್ ಕೊಟ್ಟರೆ ಮನೆಯ ನೀರು ಕಂದು ಬಣ್ಣಕ್ಕೆ ತಿರುಗಿ ಕೆಸರಿನಂತಾಗುತ್ತದೆ. ಯಂತ್ರದ ನೀರು ಹಾಗೇ ಇರುತ್ತದೆ. ನೋಡಿದವರು ಹೆದರದೆ ಇರಲಾರರು.

ಇದು ಪಿಯುಸಿಯಲ್ಲಿ ಓದಿದ ವಿದ್ಯುದ್ವಿಭಜನೆ, ಬೇರೇನಲ್ಲ. ಲವಣ ಇರುವ ನೀರಿನಲ್ಲಿ ಕರೆಂಟ್ ಹರಿಯುತ್ತದೆ, ಕಬ್ಬಿಣದ ಕಡ್ಡಿ ಸವೆದು ಆ ಕಬ್ಬಿಣವೇ ತುಕ್ಕಿನ ಬಣ್ಣದಲ್ಲಿ ಹೊರಬರುತ್ತದೆ. ಲವಣ ತೆಗೆದ ನೀರಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಆದ್ದರಿಂದ ಬಣ್ಣವೂ ಬರುವುದಿಲ್ಲ. ಕಂಡ ಕೊಳಕು ಕಡ್ಡಿಯದ್ದು, ನೀರಿನದ್ದಲ್ಲ. ಯಂತ್ರದ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಮಾಡಿ ತೋರಿಸಿ ಎಂದರೆ ಅದೂ ಕಂದಾಗುತ್ತದೆ.

ನದಿಯಿಂದ ನಲ್ಲಿಗೆ: ಐದು ಪದಗಳು

ಮಳೆಗಾಲದಲ್ಲಿ ನಮ್ಮ ವಾರಾಹಿ ಕೆಂಪಾಗಿ ಹರಿಯುವುದನ್ನು ನೋಡಿದವರಿಗೆ ‘ಟರ್ಬಿಡಿಟಿ’ ಎಂಬ ಪದವನ್ನು ಬೇರೆ ಹೇಳಿಕೊಡಬೇಕಿಲ್ಲ. ಟರ್ಬಿಡಿಟಿ ಎಂದರೆ ನೀರಿನ ಕದಡು. ಇದು ಕರಗಿದ ವಸ್ತುವಲ್ಲ, ತೇಲುತ್ತಿರುವ ಮಣ್ಣಿನ ಕಣ. ಇದರ ಅಳತೆ ಎನ್‌ಟಿಯು. ಕುಡಿಯುವ ನೀರಿನಲ್ಲಿ 1 ಎನ್‌ಟಿಯು ಒಳಗಿರಬೇಕು, ಅನಿವಾರ್ಯವಾದರೆ 5. ಉಡುಪಿ ನಗರಕ್ಕೆ ಬಜೆಯಲ್ಲಿ ಸ್ವರ್ಣಾ ನದಿಯ ನೀರು, ಮಂಗಳೂರಿಗೆ ತುಂಬೆಯಲ್ಲಿ ನೇತ್ರಾವತಿಯ ನೀರು, ಬೆಂಗಳೂರಿಗೆ ತೊರೆಕಾಡನಹಳ್ಳಿಯಿಂದ ಕಾವೇರಿ ನೀರು. ಎಲ್ಲ ಕಡೆಯೂ ಈ ಕದಡನ್ನು ಮೊದಲು ಇಳಿಸಲೇಬೇಕು. ಅದರ ಹಂತಗಳು ಹೀಗಿವೆ.

ಮೊದಲನೆಯದು ಕೊಯಾಗ್ಯುಲೇಶನ್. ಮಣ್ಣಿನ ಸಣ್ಣ ಕಣಗಳಿಗೆಲ್ಲ ಋಣ ವಿದ್ಯುದಂಶ ಇರುತ್ತದೆ. ಒಂದನ್ನೊಂದು ದೂಡುತ್ತಲೇ ಇರುವುದರಿಂದ ದಿನಗಟ್ಟಲೆ ಬಿಟ್ಟರೂ ತಳಕ್ಕೆ ಇಳಿಯುವುದಿಲ್ಲ. ಪಟಿಕ, ಅಂದರೆ ಆಲಂ ಹಾಕಿ ಜೋರಾಗಿ ಕಲಕಿದರೆ ಈ ವಿದ್ಯುದಂಶ ಅಳಿದು ಜಗಳ ನಿಲ್ಲುತ್ತದೆ. ಎರಡನೆಯದು ಫ್ಲಾಕ್ಯುಲೇಶನ್. ಈಗ ನಿಧಾನಕ್ಕೆ ಕಲಕಬೇಕು. ಕಣಗಳು ಒಂದಕ್ಕೊಂದು ಅಂಟಿ ಹಿಂಜಿದ ಹತ್ತಿಯಂಥ ಮುದ್ದೆಗಳಾಗುತ್ತವೆ. ಜೋರಾಗಿ ಕಲಕಿದರೆ ಮುದ್ದೆ ಒಡೆದುಹೋಗುತ್ತದೆ. ಈ ಎರಡು ಪದಗಳ ವ್ಯತ್ಯಾಸ ಪರೀಕ್ಷೆಗಳಲ್ಲಿ ಪದೇ ಪದೇ ಬರುವ ಪ್ರಶ್ನೆ. ಮೊದಲನೆಯದು ರಾಸಾಯನಿಕ, ಕೆಲವು ಸೆಕೆಂಡುಗಳ ಕೆಲಸ. ಎರಡನೆಯದು ಭೌತಿಕ, ಇಪ್ಪತ್ತು-ಮೂವತ್ತು ನಿಮಿಷದ ಕೆಲಸ ಎಂದು ನೆನಪಿಟ್ಟರೆ ಸಾಕು.

ಮೂರನೆಯದು ಸೆಡಿಮೆಂಟೇಶನ್, ಮುದ್ದೆಗಳು ತಳಕ್ಕೆ ಕೂರಲು ಬಿಡುವುದು. ನಾಲ್ಕನೆಯದು ಫಿಲ್ಟ್ರೇಶನ್, ಮರಳಿನ ಹಾಸಿನ ಮೂಲಕ ಸೋಸುವುದು. ಮರಳು ಕಟ್ಟಿಕೊಂಡಾಗ ಕೆಳಗಿನಿಂದ ಮೇಲಕ್ಕೆ ನೀರು ನುಗ್ಗಿಸಿ ತೊಳೆಯುವುದಕ್ಕೆ ಬ್ಯಾಕ್‌ವಾಶ್ ಎನ್ನುತ್ತಾರೆ. ಇಷ್ಟೆಲ್ಲ ಆದ ಮೇಲೆ ನೀರು ಕನ್ನಡಿಯಂತೆ ತಿಳಿಯಾಗಿರುತ್ತದೆ, ಆದರೆ ಇನ್ನೂ ಸುರಕ್ಷಿತವಲ್ಲ. ಐದನೆಯ ಹಂತ ಡಿಸ್‌ಇನ್‌ಫೆಕ್ಷನ್, ರೋಗಾಣುಗಳನ್ನು ಕೊಲ್ಲುವುದು. ಇದನ್ನು ಸ್ಟೆರಿಲೈಸೇಶನ್ ಜತೆ ಕಲಸಿಕೊಳ್ಳಬಾರದು. ಅದು ಎಲ್ಲ ಸೂಕ್ಷ್ಮಜೀವಿಗಳನ್ನೂ ಕೊಲ್ಲುವುದು, ಆಸ್ಪತ್ರೆಯ ಉಪಕರಣಗಳಿಗೆ ಬೇಕಾದದ್ದು. ಕುಡಿಯುವ ನೀರಿಗೆ ಅಷ್ಟು ಬೇಡ.

ತಿಳಿನೀರು ಮೋಸ ಮಾಡಬಲ್ಲದು ಎಂಬುದಕ್ಕೆ ಹಳೆಯ ಸಾಕ್ಷಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಪಂಪು. 1854ರಲ್ಲಿ ಅಲ್ಲಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ ಸತ್ತವರ ಮನೆಗಳನ್ನು ಲೆಕ್ಕ ಹಾಕಿ ಆ ಪಂಪಿನತ್ತ ಬೆರಳು ತೋರಿಸಿದರು. ಆ ನೀರಿಗೆ ಒಳ್ಳೆಯ ಹೆಸರಿತ್ತು, ರುಚಿಗೆ ಮನಸೋತು ದೂರದಿಂದ ತರಿಸಿಕೊಂಡು ಕುಡಿಯುವವರೂ ಇದ್ದರು. ಇದು ಹಳೆಯ ಕತೆ ಎಂದು ಬಿಡುವ ಹಾಗಿಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು. ನಲ್ಲಿ ಇತ್ತು, ನೀರೂ ಬರುತ್ತಿತ್ತು.

ಉಳಿಕೆ ಕ್ಲೋರಿನ್ ಎಂಬ ಕಾವಲುಗಾರ

ನಲ್ಲಿ ನೀರಿನಲ್ಲಿ ಬ್ಲೀಚಿಂಗ್ ವಾಸನೆ ಬಂದರೆ ನಾವು ಮೂಗು ಮುರಿಯುತ್ತೇವೆ. ಆದರೆ ಆ ಸಣ್ಣ ವಾಸನೆಗೆ ಅರ್ಥವಿದೆ. ನೀರಿಗೆ ಹಾಕಿದ ಕ್ಲೋರಿನ್‌ನಲ್ಲಿ ಒಂದು ಭಾಗ ಅಲ್ಲಿರುವ ಕಬ್ಬಿಣ, ಸಾವಯವ ವಸ್ತು, ರೋಗಾಣು ಇವುಗಳಿಗೆ ಖರ್ಚಾಗುತ್ತದೆ. ಇದು ಕ್ಲೋರಿನ್ ಬೇಡಿಕೆ. ಖರ್ಚಾಗಿ ಮಿಕ್ಕಿದ್ದು ಉಳಿಕೆ ಕ್ಲೋರಿನ್. ಟ್ಯಾಂಕಿನಿಂದ ಮನೆಯವರೆಗಿನ ಪೈಪಿನಲ್ಲಿ ಎಲ್ಲಾದರೂ ಕೊಳಚೆ ಸೇರಿದರೆ ಕಾಯುವುದು ಈ ಉಳಿಕೆ. ಐಎಸ್ 10500 ಪ್ರಕಾರ ಇದು ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ನಲ್ಲಿಯಲ್ಲಿ ಉಳಿಕೆ ಸೊನ್ನೆ ಎಂದು ಬಂದರೆ ಕ್ಲೋರಿನ್ ಹಾಕಿಲ್ಲ ಅಥವಾ ದಾರಿಯಲ್ಲಿ ಏನೋ ಅದನ್ನು ತಿಂದಿದೆ ಎಂದರ್ಥ. ಎರಡೂ ಕೇಳಬೇಕಾದ ಪ್ರಶ್ನೆಗಳೇ.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ನಮ್ಮ ಕಡೆ ಗೊತ್ತಿರುವ ಕೆಲಸ, ಆದರೆ ಹೆಚ್ಚಿನವರು ಹಾಕುವುದು ಕೈಅಂದಾಜಿನಲ್ಲಿ. ಲೆಕ್ಕ ಕಷ್ಟವಿಲ್ಲ. ಸಾವಿರ ಲೀಟರ್‌ಗೆ ಒಳ್ಳೆಯ ಗುಣಮಟ್ಟದ ಪೌಡರ್ ಸುಮಾರು 2.5 ಗ್ರಾಂ ಬೇಕು. ಬಾವಿಯ ಅಗಲ 3 ಮೀಟರ್, ನೀರಿನ ಆಳ 4 ಮೀಟರ್ ಎಂದಿಟ್ಟುಕೊಳ್ಳಿ. 3.14 ಗುಣಿಸು 3 ಗುಣಿಸು 3 ಗುಣಿಸು 4, ಅದನ್ನು 4ರಿಂದ ಭಾಗಿಸಿದರೆ ಸುಮಾರು 28 ಘನ ಮೀಟರ್, ಅಂದರೆ 28 ಸಾವಿರ ಲೀಟರ್. ಹಾಕಬೇಕಾದ ಪೌಡರ್ 70 ಗ್ರಾಂ. ಅದನ್ನು ಬಕೆಟ್‌ನಲ್ಲಿ ಸ್ವಲ್ಪ ನೀರಿಗೆ ಕಲಸಿ, ನೀರು ತುಂಬಿಸಿ, ಐದು-ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಕೊಡಪಾನದಿಂದ ಚೆನ್ನಾಗಿ ಅಲುಗಾಡಿಸಬೇಕು. ಒಂದು ಗಂಟೆ ನೀರು ಸೇದಬಾರದು. ಆ ಒಂದು ಗಂಟೆಗೇ ಪುಸ್ತಕದಲ್ಲಿ ‘ಕಾಂಟ್ಯಾಕ್ಟ್ ಟೈಮ್’ ಎಂದು ಹೆಸರು.

ಆರ್‌ಒ, ಯುವಿ, ಯುಎಫ್: ಯಾವುದಕ್ಕೆ ಯಾವುದು?

ಯುಎಫ್ ಬಹಳ ಸಣ್ಣ ರಂಧ್ರಗಳ ಜರಡಿ. ಬ್ಯಾಕ್ಟೀರಿಯಾ ಅದರಲ್ಲಿ ನುಸುಳಲಾರದು, ಲವಣ ನುಸುಳುತ್ತದೆ. ಯುವಿ ಅತಿನೇರಳೆ ಬೆಳಕಿನ ದೀಪ. ಅದು ರೋಗಾಣುಗಳನ್ನು ನಿಷ್ಕ್ರಿಯಗೊಳಿಸುತ್ತದೆ, ಆದರೆ ನೀರು ಕದಡಿದ್ದರೆ ಬೆಳಕು ಒಳಗೆ ತಲುಪುವುದಿಲ್ಲ. ಉಳಿಕೆಯ ಕಾವಲೂ ಇದಕ್ಕಿಲ್ಲ. ಆರ್‌ಒದಲ್ಲಿ ಒತ್ತಡ ಹಾಕಿ ಪೊರೆಯ ಮೂಲಕ ನೀರನ್ನು ದಾಟಿಸಿ ಲವಣಗಳನ್ನು ಆಚೆಗೆ ಉಳಿಸುತ್ತಾರೆ. ಆಚೆ ಉಳಿದ ನೀರು ಮೋರಿಗೆ ಹೋಗುತ್ತದೆ. ಮನೆಯ ಯಂತ್ರಗಳಲ್ಲಿ ಒಂದು ಲೀಟರ್ ಕುಡಿಯುವ ನೀರಿಗೆ ಎರಡು-ಮೂರು ಲೀಟರ್ ಹೀಗೆ ಹೋಗುವುದುಂಟು. ಇದೇ ಕಾರಣಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ, ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ನಿಷೇಧಿಸುವಂತೆ ಕೇಂದ್ರಕ್ಕೆ ಸೂಚಿಸಿತ್ತು. ವಿಷಯ ಆಮೇಲೆ ಸುಪ್ರೀಂ ಕೋರ್ಟ್‌ಗೂ ಹೋಯಿತು.

ಹಾಗೆಂದು ಆರ್‌ಒ ಮೋಸವಲ್ಲ. ಪಾವಗಡ, ಬಾಗೇಪಲ್ಲಿ, ಕೋಲಾರದ ಕಡೆಯ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನಲ್ಲಿ ಕಂದು ಕಲೆ ಬರುತ್ತದೆ, ಇನ್ನೂ ಹೆಚ್ಚಾದರೆ ಮೂಳೆಗಳು ಬಿಗಿಯುತ್ತವೆ. ಅಲ್ಲಿ ಕುದಿಸುವುದರಿಂದ ಪ್ರಯೋಜನವಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಪ್ರಮಾಣ ಹೆಚ್ಚೇ ಆಗುತ್ತದೆ. ಅಂಥ ಊರುಗಳಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕಗಳು ಜನರ ಅಗತ್ಯ. ನಮ್ಮದೇ ಕುಂದಾಪುರದ ಕಡಲ ಅಂಚಿನಲ್ಲಿ ಬೇಸಿಗೆಗೆ ಬಾವಿಗೆ ಉಪ್ಪುನೀರು ನುಗ್ಗುವ ಮನೆಗಳಿಗೂ ಟಿಡಿಎಸ್ ನಿಜವಾದ ಸಮಸ್ಯೆ. ಅಂದರೆ ಒಂದೇ ತಾಲ್ಲೂಕಿನಲ್ಲಿ ಕಡಲ ಬದಿಗೆ ಬೇಕಾದ ಯಂತ್ರ ಘಟ್ಟದ ಬುಡಕ್ಕೆ ಬೇಡದಿರಬಹುದು.

ಘಟ್ಟದ ಬುಡದ ನಮ್ಮ ನೀರಿಗೆ ಇರುವ ತೊಂದರೆಗಳೇ ಬೇರೆ. ಒಂದು ಪಿಎಚ್. 6.5ರಿಂದ 8.5ರ ನಡುವೆ ಇರಬೇಕಾದ್ದು ಮುರಕಲ್ಲಿನ ನೆಲದಲ್ಲಿ ಅನೇಕ ಕಡೆ ಇದಕ್ಕಿಂತ ಕೆಳಗಿರುತ್ತದೆ. ಇಂಥ ಹುಳಿಗುಣದ ನೀರು ಪೈಪು, ನಲ್ಲಿಗಳನ್ನು ನಿಧಾನಕ್ಕೆ ತಿನ್ನುತ್ತದೆ. ಆರ್‌ಒ ಇದನ್ನು ಸರಿಪಡಿಸುವುದಿಲ್ಲ, ಇನ್ನೂ ತಗ್ಗಿಸಬಹುದು. ಸುಣ್ಣದ ಕಲ್ಲಿನ ಫಿಲ್ಟರ್ ಇದಕ್ಕೆ ಪರಿಹಾರ. ಇನ್ನೊಂದು ಕಬ್ಬಿಣ. ಬೋರ್‌ವೆಲ್‌ನಿಂದ ಬರುವಾಗ ತಿಳಿಯಾಗಿದ್ದು, ಕೊಡದಲ್ಲಿಟ್ಟರೆ ಕೆಂಪಾಗುವುದು ಇದೇ. ಗಾಳಿಯ ಆಮ್ಲಜನಕ ತಾಗಿದಾಗ ಕರಗಿದ್ದ ಕಬ್ಬಿಣ ಕಣವಾಗಿ ಹೊರಬೀಳುತ್ತದೆ. ಆದ್ದರಿಂದ ನೀರಿಗೆ ಮೊದಲು ಗಾಳಿಯಾಡಿಸಿ, ಆಮೇಲೆ ಸೋಸಬೇಕು. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ರೋಗಾಣು. ಅದಕ್ಕೆ ಕ್ಲೋರಿನ್, ಯುವಿ ಇವೆ. ಯಾವುದೂ ಬೇಡವೆಂದರೆ ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಒಲೆಯ ಮೇಲೆ ಬಿಟ್ಟರೂ ಸಾಕು.

ಒಂದು ಪದಕ್ಕಾಗಿ ಹೋರಾಡಿದ ಜಿಲ್ಲೆ

ಪದಗಳ ಅರ್ಥ ತಿಳಿದುಕೊಂಡು ಏನು ಪ್ರಯೋಜನ ಎನ್ನುವವರು ಕೋಲಾರವನ್ನು ನೋಡಬೇಕು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಒಳಚರಂಡಿ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಹರಿಯಿತು. ಯೋಜನೆಯ ಗಾತ್ರ 440 ಎಂಎಲ್‌ಡಿ. ಒಂದು ಎಂಎಲ್‌ಡಿ ಎಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್. ಹಾಗಾಗಿ ಒಟ್ಟು ದಿನಕ್ಕೆ 44 ಕೋಟಿ ಲೀಟರ್. ಬತ್ತಿದ ಕೆರೆ ತುಂಬಿದ ಸಂತೋಷದ ಜತೆಗೇ ಒಂದು ಪ್ರಶ್ನೆ ಎದ್ದಿತು: ಈ ನೀರು ‘ಎರಡನೇ ಹಂತ’ದ ಶುದ್ಧೀಕರಣದ್ದು, ‘ಮೂರನೇ ಹಂತ’ ಏಕೆ ಇಲ್ಲ?

ಮೊದಲ ಹಂತದಲ್ಲಿ ತೇಲುವ, ಮುಳುಗುವ ಕಸ ತೆಗೆಯುತ್ತಾರೆ. ಎರಡನೆಯದರಲ್ಲಿ ಬ್ಯಾಕ್ಟೀರಿಯಾಗಳ ಕೈಯಲ್ಲಿ ಸಾವಯವ ಕೊಳೆಯನ್ನು ತಿನ್ನಿಸುತ್ತಾರೆ. ಇದು ಎಷ್ಟು ಉಳಿದಿದೆ ಎಂದು ಹೇಳುವ ಅಳತೆಯೇ ಬಿಒಡಿ. ಮೂರನೆಯದರಲ್ಲಿ ಸಾರಜನಕ, ರಂಜಕ, ರೋಗಾಣು ಮುಂತಾಗಿ ಉಳಿದದ್ದನ್ನು ತೆಗೆಯುತ್ತಾರೆ. ಕೆರೆಯ ನೀರು ಇಂಗಿ ಬೋರ್‌ವೆಲ್ ಸೇರುವುದರಿಂದ ಮೂರನೇ ಹಂತ ಬೇಕೇ ಬೇಕು ಎಂದು ಅಲ್ಲಿನ ಹೋರಾಟಗಾರರು ವಾದಿಸಿದರು. ಅಂತರ್ಜಲ ಏರಿದೆ, ಕೃಷಿಗೆ ಅನುಕೂಲವಾಗಿದೆ ಎಂದು ಸರ್ಕಾರ ವಾದಿಸಿತು. ಪ್ರಕರಣ ಹೈಕೋರ್ಟ್, ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಯಾರ ವಾದ ಸರಿ ಎಂಬುದು ಬೇರೆ ಮಾತು. ನಮ್ಮ ಪಠ್ಯಪುಸ್ತಕದ ಎರಡಂಕದ ಪ್ರಶ್ನೆಯೊಂದನ್ನು ರೈತರು ಬೀದಿಯಲ್ಲಿ ನಿಂತು ಕೇಳಿದರು ಎಂಬುದು ನನಗೆ ದೊಡ್ಡದಾಗಿ ಕಂಡಿತು.

ಉದ್ಯೋಗ ಹುಡುಕುವವರಿಗೂ ಇದೇ ಪಾಠ

ಲೋಕಸೇವಾ ಆಯೋಗದ ಎಂಜಿನಿಯರ್ ಪರೀಕ್ಷೆಗಳು, ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಬೆಂಗಳೂರು ಜಲಮಂಡಳಿ, ಮಾಲಿನ್ಯ ನಿಯಂತ್ರಣ ಮಂಡಳಿ, ಎಲ್ಲೆಡೆಯೂ ಈ ಪದಗಳು ಎದುರಾಗುತ್ತವೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್‌ನ ಗುರಿ ಗ್ರಾಮೀಣ ಭಾಗದಲ್ಲಿ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ಎಂಬುದು ಸಾಮಾನ್ಯ ಜ್ಞಾನದ ಪ್ರಶ್ನೆಯೂ ಹೌದು. ಓದುವಾಗ ಪದಗಳನ್ನು ಜೋಡಿಯಾಗಿ ಇಟ್ಟುಕೊಳ್ಳಿ. ಕದಡು ತೇಲುವ ಕಣ, ಟಿಡಿಎಸ್ ಕರಗಿದ್ದು. ಗಡಸುತನ ಕ್ಯಾಲ್ಸಿಯಂ-ಮೆಗ್ನೀಸಿಯಂನದ್ದು, ಲವಣಾಂಶ ಎಲ್ಲ ಲವಣಗಳದ್ದು. ‘ಪೊಟೆಬಲ್’ ಎಂದರೆ ಕುಡಿಯಲು ಯೋಗ್ಯ, ‘ಪ್ಯಾಲಟಬಲ್’ ಎಂದರೆ ಬಾಯಿಗೆ ಹಿತ. ಬ್ರಾಡ್ ಸ್ಟ್ರೀಟ್ ಪಂಪಿನ ನೀರು ಎರಡನೆಯದಾಗಿತ್ತು, ಮೊದಲನೆಯದಾಗಿರಲಿಲ್ಲ. ಹೀಗೆ ಒಂದು ಉದಾಹರಣೆ ಜತೆಗಿದ್ದರೆ ಪದ ಮರೆಯುವುದಿಲ್ಲ.

ಈ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಫೀಲ್ಡ್ ಕಿಟ್‌ನಿಂದ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ಸರ್ಕಾರದ ನೀರು ಪರೀಕ್ಷಾ ಪ್ರಯೋಗಾಲಯಗಳಲ್ಲಿ ಸಾರ್ವಜನಿಕರೂ ಕಡಿಮೆ ಶುಲ್ಕದಲ್ಲಿ ಮಾದರಿ ಕೊಡಬಹುದು. ರೋಗಾಣು ಪರೀಕ್ಷೆಗೆ ಕೊಡುವುದಾದರೆ ಸ್ಟೆರಿಲೈಸ್ ಮಾಡಿದ ಬಾಟಲಿಯನ್ನು ಲ್ಯಾಬಿನಿಂದಲೇ ಪಡೆದು, ನೀರನ್ನು ತಣ್ಣಗಿಟ್ಟು, ಅದೇ ದಿನ ತಲುಪಿಸುವುದು ಒಳ್ಳೆಯದು.

ವರದಿ ಕೈಗೆ ಬಂದಾಗ ನಾಲ್ಕು ಸಾಲುಗಳನ್ನು ಮೊದಲು ಹುಡುಕಿ. ಇ. ಕೋಲಿ ಇದೆಯೇ? 100 ಮಿಲಿಲೀಟರ್‌ನಲ್ಲಿ ಒಂದೂ ಇರಬಾರದು. ಪಿಎಚ್ ಎಷ್ಟು? ಫ್ಲೋರೈಡ್ ಮತ್ತು ನೈಟ್ರೇಟ್ ಎಷ್ಟು? ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ಟಿಡಿಎಸ್ ನೋಡುವುದು ಕೊನೆಗೆ. ಇಷ್ಟು ನೋಡಿದ ಮೇಲೆ ಯಾವ ಯಂತ್ರ ಬೇಕು, ಅಥವಾ ಯಂತ್ರವೇ ಬೇಡವೇ ಎಂಬುದು ತಾನಾಗಿ ತಿಳಿಯುತ್ತದೆ. ಪ್ರಯೋಗಾಲಯದ ವರದಿ ಇಂಗ್ಲಿಷಿನಲ್ಲಿದ್ದರೆ ಮನೆಯ ಹಿರಿಯರು ಅದನ್ನು ಮಡಚಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಡುತ್ತಾರೆ. ಅದನ್ನು ತೆಗೆದು, ಒಂದೊಂದೇ ಸಾಲನ್ನು ಅವರಿಗೆ ಅರ್ಥವಾಗುವ ಮಾತಿನಲ್ಲಿ ಓದಿ ಹೇಳುವುದು ಕಾಲೇಜು ಮೆಟ್ಟಿಲು ಹತ್ತಿದ ನಮ್ಮ ಕೆಲಸ.